ಗುಂಡಿಯಪ್ಪ ಆರಿಸಿದ ಮೀನು

ಗುಂಡಿ ಉದುರಿದ ಕೋಟನ್ನು ಅವನ ಮುಂದೆ ಹಿಡಿದರೆ ಸಾಕು. ಕೋಟಿನಲ್ಲಿ ಉಳಿದಿರುವ ಗುಂಡಿಯನ್ನು ಒಂದು ಸಲ ನೋಡುತ್ತಾನೆ, ಹೆಬ್ಬೆರಳಿನಿಂದ ಅದರ ಅಂಚನ್ನು ಒಂದು ಸಲ ಸವರುತ್ತಾನೆ, ಆಮೇಲೆ ಬೆನ್ನಹಿಂದಿನ ಗೋಡೆಯತ್ತ ತಿರುಗುತ್ತಾನೆ. ಅವನ ಗುಂಡಿ ಅಂಗಡಿಯ ಆ ಗೋಡೆಯಲ್ಲಿ ನೆಲದಿಂದ ಸೂರಿನವರೆಗೆ ಮುನ್ನೂರು ಚಿಲ್ಲರೆ ಡಬ್ಬಿಗಳಿವೆ. ಒಂದರ ಮೇಲೂ ಚೀಟಿಯಿಲ್ಲ. ಕೈ ನೇರವಾಗಿ ಹೋಗಿ ಒಂದು ಡಬ್ಬಿಯನ್ನು ಎಳೆಯುತ್ತದೆ, ಅದರೊಳಗೆ ಅದೇ ಅಳತೆಯ, ಅದೇ ಬಣ್ಣದ, ಅಷ್ಟೇ ಮಾಸಿದ ಗುಂಡಿ ಇರುತ್ತದೆ. ಬೀದಿಯ ದರ್ಜಿಗಳೆಲ್ಲ ಅವನಿಗೆ ಗುಂಡಿಯಪ್ಪ ಎಂದು ಹೆಸರಿಟ್ಟು ಇಪ್ಪತ್ತೈದು ವರ್ಷವಾಯಿತು. ಅಪ್ಪ ಅಮ್ಮ ಇಟ್ಟ ಹೆಸರು ಈಗ ವಿದ್ಯುತ್ ಬಿಲ್ಲಿನ ಮೇಲೆ ಮಾತ್ರ ಉಳಿದಿದೆ.

ಪರರ ಕೋಟಿಗೆ ಗುಂಡಿ ಆರಿಸುವುದರಲ್ಲಿ ಇಷ್ಟು ಗಟ್ಟಿಗನಾದ ಈ ಮನುಷ್ಯ ತನಗಾಗಿ ಏನನ್ನೂ ಆರಿಸಿಕೊಂಡವನಲ್ಲ. ಆ ಕೆಲಸಕ್ಕೆ ಅಣ್ಣನಿದ್ದ. ಅಂಗಡಿ ಎಷ್ಟು ಗಂಟೆಗೆ ತೆರೆಯಬೇಕು ಎಂಬುದು ಅಣ್ಣನ ಮಾತು. ಇಬ್ಬರ ಸಂಸಾರವೂ ಇರುವ ಎರಡಂತಸ್ತಿನ ಮನೆ ಅಣ್ಣ ನೋಡಿ ಒಪ್ಪಿದ್ದು. ನಡುಮನೆಯ ಗೋಡೆಯ ಹಸಿರು ಬಣ್ಣವೂ ಅಣ್ಣನದೇ ಆಯ್ಕೆ. ಅದನ್ನು ಕಂಡವರು ಆಸ್ಪತ್ರೆಗೆ ಬಂದೆವೇನೋ ಎಂದು ಒಂದು ಕ್ಷಣ ಅನುಮಾನಿಸುತ್ತಾರೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಗುಂಡಿಯಪ್ಪ ಒಂದು ಮೀಸೆ ಬಿಟ್ಟಿದ್ದ. "ಗಿರಾಕಿಗಳು ಹೆದರ್ಕೊಳ್ತಾರೆ, ತೆಗಿಯೋ" ಎಂದ ಅಣ್ಣ. ಮರುದಿನ ಬೆಳಿಗ್ಗೆ ಮೀಸೆ ಇರಲಿಲ್ಲ. ಅಣ್ಣ ಕೆಟ್ಟವನೇನಲ್ಲ. ಎದುರು ಮಾತು ಬರದ ಕಡೆ ತನ್ನ ಮಾತನ್ನು ಇಟ್ಟು ಇಟ್ಟು ರೂಢಿಯಾದವನು, ಅಷ್ಟೇ. ಖಾಲಿ ಕಂಡ ಜಾಗಕ್ಕೆ ಸಾಮಾನು ಜೋಡಿಸುವ ವ್ಯಾಪಾರಿಗಳ ಅಭ್ಯಾಸ ಅದು.

ಹೀಗಿರುವಾಗ ಪಕ್ಕದ ಬೀದಿಯ ಹಲ್ಲಿನ ಡಾಕ್ಟರು ಅಂಗಡಿ ಮುಚ್ಚಿ ಹೊರಟರು. ಅವರ ಕಾಯುವ ಕೋಣೆಯಲ್ಲಿದ್ದ ಮೂರಡಿ ಉದ್ದದ ಅಕ್ವೇರಿಯಂ, ಅದರ ಹೀಟರು, ಫಿಲ್ಟರು, ದೀಪ ಎಲ್ಲವೂ ಗುಂಡಿಯಪ್ಪನ ಪಾಲಿಗೆ ಬಂದವು. ಹಲ್ಲು ಕೀಳಿಸಿಕೊಳ್ಳಲು ಹೋದಾಗಲೆಲ್ಲ ಅವನು ಅದರ ಮುಂದೆ ಕೂತು ನೋವು ಮರೆತದ್ದನ್ನು ಡಾಕ್ಟರು ಗಮನಿಸಿದ್ದರು. ನಡುಮನೆಯ ಕಿಟಕಿ ಪಕ್ಕದ ಮೂಲೆಯಲ್ಲಿ ಅದನ್ನು ಇಟ್ಟು, ನೀರು ತುಂಬಿ, ಯಾವ ಮೀನು ಬಿಡಲಿ ಎಂದು ಅವನು ಒಂದು ವಾರ ಖುಷಿಯಾಗಿ ಯೋಚಿಸಿದ. ಎಂಟನೆಯ ದಿನ ಅಣ್ಣ ಪ್ಲಾಸ್ಟಿಕ್ ಚೀಲ ಹಿಡಿದು ಬಂದ.

"ಯೋಚ್ನೆ ಮಾಡಿ ಮಾಡಿ ತಲೆ ಯಾಕೆ ಕೆಡಿಸ್ಕೊಳ್ತೀಯ? ನಾನೇ ತಂದೆ."

ಚೀಲದಲ್ಲಿದ್ದದ್ದು ನಾಲ್ಕು ಬ್ಲೂ ರ‍್ಯಾಮ್ ಮೀನುಗಳು. ಸಿಕ್ಲಿಡ್ ಎಂಬ ಮೀನಿನ ಕುಲದಲ್ಲಿ ತಟ್ಟೆಯಗಲದ ದಾಂಡಿಗರೂ ಇದ್ದಾರೆ, ಬೆರಳುದ್ದದ ಕುಳ್ಳರೂ ಇದ್ದಾರೆ. ಈ ಕುಳ್ಳರಿಗೆ ಡ್ವಾರ್ಫ್ ಸಿಕ್ಲಿಡ್ ಎನ್ನುತ್ತಾರೆ. ಗಾತ್ರ ಚಿಕ್ಕದು, ಬುದ್ಧಿ ದೊಡ್ಡದು. ಸಂಸಾರ ಹೂಡುತ್ತವೆ, ಮರಿ ಕಾಯುತ್ತವೆ. ಅವುಗಳಲ್ಲೆಲ್ಲ ಚೆಲುವ ರ‍್ಯಾಮ್. ಹಳದಿ ಮುಖ, ಕೆಂಪು ಕಣ್ಣು, ಮೈತುಂಬ ನೀಲಿ ಚುಕ್ಕಿ. ನಾಲ್ಕೂ ಹತ್ತು ದಿನ ಮೂಲೆಯಲ್ಲಿ ಮುದುಡಿ ನಿಂತು, ಒಂದಾದ ಮೇಲೊಂದು ಮಗುಚಿಕೊಂಡವು.

"ನಿನ್ನ ಕೈಗುಣಾನೇ ಸರಿ ಇಲ್ಲ ಕಣೋ" ಎಂದ ಅಣ್ಣ. "ಗುಂಡಿಗೆ ಅನ್ನ ನೀರು ಬೇಕಾಗಿಲ್ಲ, ಅದಕ್ಕೇ ನಿನ್ನ ಹತ್ರ ಬದುಕಿದೆ. ಹೋಗ್ಲಿ ಬಿಡು. ಆ ಮೂಲೆಗೆ ನಾನೊಂದು ಮಸಾಜ್ ಕುರ್ಚಿಗೆ ಹೇಳಿದೀನಿ. ಬೆನ್ನು, ಕುತ್ತಿಗೆ, ಮೀನಖಂಡ, ಎಲ್ಲಾ ತಿಕ್ಕುತ್ತಂತೆ. ಮೂರು ತಿಂಗಳಿಗೆ ಬರುತ್ತೆ. ಅಷ್ಟರಲ್ಲಿ ಈ ಗಾಜಿನ ಡಬ್ಬಿ ಯಾರಿಗಾದ್ರೂ ಕೊಟ್ಬಿಡು."

ಗುಂಡಿಯಪ್ಪ ಎಂದಿನಂತೆ "ಆಯ್ತಣ್ಣ" ಅನ್ನಬೇಕಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಆ "ಆಯ್ತಣ್ಣ" ಕೇಳಿ ಒಳಗೆ ಹೋಗಲೆಂದು ಒಂದು ಕಾಲು ಹಿಂದಿಟ್ಟೂ ಇದ್ದಳು. ಆದರೆ ಅವನ ಬಾಯಿಂದ ಬೇರೆ ಮಾತು ಬಂತು.

"ಮೂರು ತಿಂಗಳಿದೆ ಅಲ್ವಾಣ್ಣ? ಈ ಸಲ ಮೀನು ನಾನೇ ಆರಿಸ್ತೀನಿ. ಕುರ್ಚಿ ಬರೋ ದಿನ ತೊಟ್ಟಿ ಮುಂದೆ ನಿಂತು ನೋಡು. ನೋಡೋ ಹಾಗಿಲ್ಲ ಅಂದ್ರೆ ನಾನೇ ಎತ್ತಿ ಕೊಡ್ತೀನಿ. ನೋಡೋ ಹಾಗಿದ್ರೆ ಮೂಲೆ ನನಗೆ."

ಅಣ್ಣ ಅವನ ಹಣೆ ಮುಟ್ಟಿ ನೋಡಿದ. ಜ್ವರವಿರಲಿಲ್ಲ. "ಆಗ್ಲಿ. ನೀನು ತಾನೆ ಆರಿಸೋದು" ಎಂದು ನಕ್ಕ. ಆ ನಗು ಒಂದು ವಾರ ಗುಂಡಿಯಪ್ಪನ ಕಿವಿಯಲ್ಲಿ ಸೊಳ್ಳೆಯ ಹಾಗೆ ಹಾರಾಡಿತು.

ಮೀನಿನ ಅಂಗಡಿ ಬಸ್ಸು ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು. ಅಂಗಡಿಯಾಕೆ ಅರವತ್ತು ದಾಟಿದ ಹೆಂಗಸು. ಎರಡು ಕನ್ನಡಕ: ಒಂದು ಮೂಗಿನ ಮೇಲೆ, ಒಂದು ತಲೆಯ ಮೇಲೆ. ಗುಂಡಿಯಪ್ಪ ಬಂದವನೇ ನೀಲಿ ಮೀನುಗಳ ತೊಟ್ಟಿಯ ಮುಂದೆ ನಿಂತ. ಸತ್ತರೂ ಚೆಲುವು ಚೆಲುವೇ.

"ಅದನ್ನ ಕೊಡಲ್ಲ" ಎಂದಳು ಆಕೆ, ಕೂತಲ್ಲಿಂದಲೇ.

"ಕೇಳೇ ಇಲ್ವಲ್ಲಮ್ಮಾ ಇನ್ನೂ."

"ಹೋದ ತಿಂಗಳು ನಿಮ್ಮ ಮುಖದವರೇ ಒಬ್ಬರು ಬಂದು, ಒಂದು ಮಾತೂ ಕೇಳದೆ ನಾಲ್ಕು ಹಿಡ್ಕೊಂಡು ಹೋದ್ರು. ಬದುಕಿವೆಯಾ?"

"ಇಲ್ಲ."

"ಮತ್ತೆ? ನಿಮ್ಮನೆ ನೀರು ಎಂಥದ್ದು?"

"ನೀರು... ನೀರಿನ ಥರಾನೇ ಇದೆ."

ಆಕೆ ತಲೆಯ ಮೇಲಿನ ಕನ್ನಡಕವನ್ನು ಮೂಗಿಗಿಳಿಸಿ, ಮೂಗಿನದನ್ನು ತಲೆಗೇರಿಸಿ, ಅವನನ್ನು ಹೊಸದಾಗಿ ನೋಡಿದಳು. "ಗುಂಡಿ ಅಂಗಡಿಯವರಲ್ವಾ ನೀವು? ನಿಮ್ಮ ಅಂಗಡಿಗೆ ಬಂದು 'ಬಟ್ಟೆ ಬಟ್ಟೆ ಥರ ಇದೆ, ಗುಂಡಿ ಕೊಡಿ' ಅಂದ್ರೆ ಕೊಡ್ತೀರಾ? ಹೋಗಿ. ಮನೇಲಿ ನೀರು ಕಾಯಿಸೋ ಕೆಟಲ್ ಇರುತ್ತಲ್ಲ, ಅದರ ಒಳಗೆ ನೋಡ್ಕೊಂಡು ಬನ್ನಿ."

ಗಿರಾಕಿಯನ್ನು ಬರಿಗೈಯಲ್ಲಿ ವಾಪಸು ಕಳಿಸಿ, ಅವನು ಮತ್ತೆ ಬಂದೇ ಬರುತ್ತಾನೆ ಎಂದು ನಿಶ್ಚಿಂತೆಯಿಂದ ಕೂರುವ ಧೈರ್ಯ ಎಲ್ಲ ವ್ಯಾಪಾರಿಗಳಿಗೂ ಬರುವುದಿಲ್ಲ. ಗುಂಡಿಯಪ್ಪನಿಗೆ ಒಳಗೊಳಗೇ ಆಕೆಯ ಬಗ್ಗೆ ಗೌರವ ಹುಟ್ಟಿತು.

ಮನೆಗೆ ಬಂದು ಕೆಟಲಿನ ಮುಚ್ಚಳ ತೆಗೆದು ಇಣುಕಿದ. ಒಳಗೆಲ್ಲ ಬಿಳಿಯ ಹಕ್ಕಳೆ, ಗೋಡೆಗೆ ಸುಣ್ಣ ಬಳಿದ ಹಾಗೆ.

"ಇದೇನೇ ಇದು?"

"ಅದಾ?" ಎಂದಳು ಹೆಂಡತಿ. "ಇಪ್ಪತ್ತಾರು ವರ್ಷದಿಂದ ತಿಂಗಳಿಗೊಂದ್ಸಲ ಕೆರೆದು ತೆಗೀತಿದೀನಿ. ಸೋಪು ನೊರೆ ಬರಲ್ಲ, ನಲ್ಲಿ ತುದಿ ಕಟ್ಕೊಳ್ಳುತ್ತೆ, ಗ್ಲಾಸಿನ ಮೇಲೆ ಕಲೆ ಹೋಗಲ್ಲ. ನೀವು ಈ ಕೆಟಲ್ ಒಳಗೆ ಇಣುಕಿದ್ದು ಇವತ್ತೇ ಮೊದಲು ರೀ. ಏನು, ಮೀನು ಇದರಲ್ಲೇ ಸಾಕ್ತೀರಾ?"

"ನಮ್ಮ ನೀರು ಗಡಸು ಅಂತ ನಿನಗೆ ಗೊತ್ತಿತ್ತಾ?"

"ಮನೆ ತಗೊಳ್ಳೋವಾಗ್ಲೇ ಹೇಳಿದ್ದೆ. ಯಾರು ಕೇಳಿದ್ರು?"

ಮಾರನೆಯ ದಿನ ಸ್ಕೂಟರಿನ ಮುಂದುಗಡೆ ಕೆಟಲನ್ನು ಇಟ್ಟುಕೊಂಡು, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಗುಂಡಿಯಪ್ಪ ಮೀನಿನಂಗಡಿಗೆ ಹೋದ. ಕೆಟಲಿಗೆ ಕಾಯಿಲೆಯಾಗಿದೆಯೇ ಎಂದು ದಾರಿಯಲ್ಲಿ ಇಬ್ಬರು ದರ್ಜಿಗಳು ಕೇಳಿದರು. ಅಂಗಡಿಯಾಕೆ ಒಳಗೆ ಬೆರಳಾಡಿಸಿ, ಬಿಳಿಯ ಪುಡಿಯನ್ನು ಉಜ್ಜಿ ನೋಡಿ, ರೋಗ ಕಂಡುಹಿಡಿದ ವೈದ್ಯೆಯ ಹಾಗೆ ತಲೆಯಾಡಿಸಿದಳು.

"ನೋಡಿ, ಆ ನೀಲಿ ರಾಜಕುಮಾರನಿಗೆ ಮೆತ್ತನೆ ನೀರು ಬೇಕು, ಬೆಚ್ಚಗೆ ಬೇಕು, ದಿನಾ ಅವನ ಮೂಡು ನೋಡ್ಬೇಕು. ನಿಮ್ಮ ನೀರಲ್ಲಿ ಅವನ ಕಥೆ ಆಗಲೇ ಆಯ್ತು. ಇಲ್ಲಿ ಬನ್ನಿ, ಇವನು ಕಾಕಟೂ. ತಲೆ ಮೇಲಿನ ರೆಕ್ಕೆ ನೋಡಿ, ಜುಟ್ಟು ಬಿಟ್ಟ ಹಾಗೆ. ಸ್ವಲ್ಪ ಗಟ್ಟಿ ಆಸಾಮಿ, ನಿಮ್ಮ ನೀರಲ್ಲೂ ಬದುಕ್ತಾನೆ. ಆದ್ರೆ ಮೊಟ್ಟೆ ಒಡೆಯೋದು ಅನುಮಾನ. ಮೇಲಾಗಿ ಅವನಿಗೆ ಮೂರು ಹೆಂಡತಿ ಬೇಕು."

"ಬೇಡ" ಎಂದಳು ಗುಂಡಿಯಪ್ಪನ ಹೆಂಡತಿ.

"ಹಾಗಾದ್ರೆ ಇದು." ಆಕೆ ತೋರಿಸಿದ್ದು ಕೆಳಗಿನ ಸಾಲಿನ, ಬೆಳಕೂ ಸರಿಯಾಗಿ ಬೀಳದ ತೊಟ್ಟಿ. ಒಳಗೆ ಕಂದು ಬಣ್ಣದ, ಮೈಮೇಲೆ ಒಂದು ಕಪ್ಪು ಪಟ್ಟಿ ಎಳೆದ ಹತ್ತಾರು ಮೀನುಗಳು. "ಕ್ರಿಬ್ ಅಂತಾರೆ. ಗಡಸು ನೀರು ಅಂದ್ರೆ ಗಡಸು, ಮೆತ್ತಗೆ ಅಂದ್ರೆ ಮೆತ್ತಗೆ. ಒಂದು ಗಂಡು ಒಂದು ಹೆಣ್ಣು, ಒಂದು ಒಡೆದ ಹೂಕುಂಡ ಕೊಟ್ರೆ ಸಾಕು, ಸಂಸಾರ ಹೂಡುತ್ತೆ. ಇಲ್ಲಿ ಬರಿ ಗಾಜಿನಲ್ಲಿ ಪೇಲವವಾಗಿ ಕಾಣುತ್ತೆ. ಮನೆಗೆ ಹೋಗಿ ನೆಲೆ ಸಿಕ್ಕಿದ ಮೇಲೆ ಹೆಣ್ಣಿನ ಹೊಟ್ಟೆ ನೋಡಿ ನೀವು!"

ಗುಂಡಿಯಪ್ಪ ಕಂದು ಮೀನನ್ನೂ ನೋಡಿದ, ನೀಲಿ ಮೀನನ್ನೂ ನೋಡಿದ. ಏನೂ ಕೊಳ್ಳದೆ ಮನೆಗೆ ಬಂದ. ಅಣ್ಣ ಬಂದು ನೋಡಬೇಕಾದದ್ದು ಈ ಕಂದು ಮೀನನ್ನೇ? ಮೂರು ದಿನ ಖಾಲಿ ತೊಟ್ಟಿಯ ನೀರನ್ನೇ ನೋಡುತ್ತ ಕೂತ.

ನಾಲ್ಕನೆಯ ದಿನ ಅಂಗಡಿಯಲ್ಲಿ ಕೂತು ತನ್ನ ಮುನ್ನೂರು ಡಬ್ಬಿಗಳ ಗೋಡೆಯನ್ನೇ ದಿಟ್ಟಿಸಿದ. ಗಾಜಿನ ಪ್ರದರ್ಶನ ಪೆಟ್ಟಿಗೆಯಲ್ಲಿ ಹಿತ್ತಾಳೆ ಗುಂಡಿ, ಹರಳಿನ ಗುಂಡಿ, ಬಣ್ಣ ಬಣ್ಣದ ಗಾಜಿನ ಗುಂಡಿ. ಗಿರಾಕಿಗಳು ಅವನ್ನು ನೋಡಿ 'ಆಹಾ' ಎನ್ನುತ್ತಾರೆ, ಬಿಳಿಯ ನಾಲ್ಕು ಕಣ್ಣಿನ ಅಂಗಿ ಗುಂಡಿ ಕೊಂಡು ಹೋಗುತ್ತಾರೆ. ಈ ಅಂಗಡಿ ನಿಂತಿರುವುದು ಹರಳಿನ ಮೇಲಲ್ಲ, ಆ ಬಿಳಿ ಗುಂಡಿಯ ಮೇಲೆ. ಇಷ್ಟು ದಿನ ಇದನ್ನು ಮಾರಿದ ತನಗೆ ಕೊಳ್ಳುವಾಗ ಬುದ್ಧಿ ಬೇಡವೇ? ಬಟ್ಟೆಗೆ ತಕ್ಕ ಗುಂಡಿ. ನೀರಿಗೆ ತಕ್ಕ ಮೀನು. ಅವನು ಮಧ್ಯಾಹ್ನವೇ ಅಂಗಡಿಯ ಅರ್ಧ ಬಾಗಿಲೆಳೆದು ಹೊರಟ.

"ಕ್ರಿಬ್ ಕೊಡಿ. ನಾನೇ ಆರಿಸ್ತೀನಿ" ಎಂದ, ಎದೆ ಮುಂದೆ ಮಾಡಿ.

"ನಾನು ಹಿಡಿದು ಕೊಡ್ತೀನಿ ಇರಿ..."

"ಬೇಡಮ್ಮಾ. ಆರಿಸೋದು ನನ್ನ ಕಸುಬು."

ಗುಂಡಿಯಪ್ಪ ಬಗ್ಗಿ ಕೂತ. ಗಂಡೊಂದು ಹೆಣ್ಣೊಂದು ಬೇಕು ಎಂಬುದು ತಲೆಗೆ ಗೊತ್ತಿತ್ತು. ಆದರೆ ಕಣ್ಣಿಗೆ ಇಪ್ಪತ್ತೈದು ವರ್ಷದ ರೂಢಿ. ಹತ್ತಾರು ಮೀನುಗಳ ನಡುವೆ ಅದು ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತು. ಒಂದು ದುಂಡನೆಯ ಹುಷಾರಾದ ಮೀನನ್ನು ಹಿಡಿದು, ಅದರ ಉದ್ದ, ಅದರ ಪಟ್ಟಿಯ ಅಗಲ, ಹೊಟ್ಟೆಯ ಮೇಲಿನ ನಸುಗೆಂಪು ಛಾಯೆ ಎಲ್ಲವನ್ನೂ ಅಳೆದು, ಅಂಥದ್ದೇ ಇನ್ನೊಂದನ್ನು ಹುಡುಕಿತು. ಅರ್ಧ ಗಂಟೆಯಾಯಿತು. ಸಿಕ್ಕಿತು. ಎರಡನ್ನೂ ಚೀಲದಲ್ಲಿ ಬೆಳಕಿಗೆ ಹಿಡಿದರೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು.

ಅಂಗಡಿಯಾಕೆ ನೋಡಿ, "ಅಲ್ಲ, ಎರಡೂ..." ಎಂದು ಬಾಯಿ ತೆರೆದಳು.

"ಎರಡೂ ಒಂದೇ! ಎಳ್ಳಷ್ಟೂ ವ್ಯತ್ಯಾಸ ಇಲ್ಲ! ನೋಡಿದ್ರಾ ಕಣ್ಣು?"

"ಅದನ್ನೇ ಹೇಳೋಕೆ ಬಂದೆ..."

ಗುಂಡಿಯಪ್ಪ ಆಗಲೇ ಸ್ಕೂಟರಿನ ಮೇಲಿದ್ದ.

ಮನೆಯ ನೀರು ಮೀನುಗಳಿಗೆ ಹಿಡಿಸಿತು. ಎರಡು ವಾರದಲ್ಲಿ ಕಂದು ಮೈಗೆ ಹೊಳಪು ಬಂತು, ಬೆನ್ನಿಗೆ ಚಿನ್ನದ ಅಂಚು ಮೂಡಿತು, ಹೊಟ್ಟೆ ಮಾಗಿದ ಹಣ್ಣಿನ ಹಾಗೆ ಕೆಂಪೇರಿತು. ಎರಡರದ್ದೂ. ಹೆಂಡತಿ ಕೊಟ್ಟ ಒಡೆದ ಹೂಕುಂಡವನ್ನು ಬೋರಲು ಹಾಕಿದ್ದ. ಅದರೊಳಗಿನ ಮರಳನ್ನು ಎರಡೂ ಬಾಯಲ್ಲಿ ತುಂಬಿ ತುಂಬಿ ಹೊರಗೆ ಉಗುಳಿದವು. ಆರನೆಯ ವಾರ ಬ್ಯಾಟರಿ ಬಿಟ್ಟು ನೋಡಿದರೆ ಕುಂಡದ ಒಳಮೇಲ್ಭಾಗದಲ್ಲಿ ಸಾಲು ಸಾಲು ಮೊಟ್ಟೆ! ಗುಂಡಿಯಪ್ಪ ಅಣ್ಣನನ್ನು ಕರೆದ, ಅತ್ತಿಗೆಯನ್ನು ಕರೆದ, ಅಂಗಡಿಗೆ ಬಂದ ಪ್ರತಿ ದರ್ಜಿಗೂ ಹೇಳಿದ. ಒಬ್ಬ ದರ್ಜಿಯಂತೂ ಮರಿಗಳಿಗೆ ಅಂಗಿ ಹೊಲಿಯಲು ಅಳತೆ ಕೇಳಿದ.

ನಾಲ್ಕನೆಯ ದಿನ ಮೊಟ್ಟೆಗಳೆಲ್ಲ ಬೆಳ್ಳಗಾಗಿ ಹತ್ತಿಯಂಥ ಬೂಷ್ಟು ಹಿಡಿಯಿತು. ಎರಡು ಮೀನೂ ಕುಂಡದ ಬಾಯಲ್ಲಿ ಒಂದನ್ನೊಂದು ಕಚ್ಚಾಡುತ್ತಿದ್ದವು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತಳು. "ರೀ, ನಂದೊಂದು ಪ್ರಶ್ನೆ. ಇವಳ ಹೊಟ್ಟೇನೂ ಕೆಂಪು, ಅವಳ ಹೊಟ್ಟೇನೂ ಕೆಂಪು. ಇವಳೂ ದುಂಡಗೆ, ಅವಳೂ ದುಂಡಗೆ. ಇದರಲ್ಲಿ ಗಂಡ ಯಾರು?"

ಗುಂಡಿಯಪ್ಪ ಕುರ್ಚಿ ಹುಡುಕಿ ಕೂತ.

ಸುದ್ದಿ ಅಣ್ಣನಿಗೆ ಮುಟ್ಟಿತು. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಇಬ್ಬರು ಹೆಂಗಸರನ್ನ ತಂದು ಮರಿ ಯಾವಾಗ ಅಂತ ಕಾಯ್ತಿದ್ಯಲ್ಲೋ! ಇದಕ್ಕೇ ಹೇಳೋದು, ಆರಿಸೋ ಕೆಲಸ ನನಗೆ ಬಿಡು ಅಂತ. ಕುರ್ಚಿ ಹೊರಟಿದೆಯಂತೆ, ಇನ್ನು ಆರೇ ವಾರ."

ಆ ರಾತ್ರಿಯ ಊಟ ಗುಂಡಿಯಪ್ಪನಿಗೆ ಬೇಡವಾಯಿತು. ಹೆಂಡತಿ ಸಮಾಧಾನ ಹೇಳುವ ಜಾತಿಯವಳಲ್ಲ. "ಮೀನಿನ ಜಾತಿ ಆರಿಸಿದ್ದು ಸರಿಯಾಗೇ ಇದೆ. ಇಲ್ಲದಿದ್ರೆ ಇಷ್ಟು ದುಂಡಗೆ ಆಗ್ತಿದ್ವಾ? ತಪ್ಪಿದ್ದು ಗಂಡು ಹೆಣ್ಣಿನ ಲೆಕ್ಕದಲ್ಲಿ ಮಾತ್ರ. ಹೋಗಿ ಬದಲಾಯಿಸ್ಕೊಂಡು ಬನ್ನಿ" ಎಂದು ತಟ್ಟೆ ಎತ್ತಿದಳು.

ಬದಲಾಯಿಸಿಕೊಳ್ಳುವುದು! ಗುಂಡಿಯಪ್ಪನ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಮೇಲೆ, ಅಣ್ಣನ ಕೈಬರಹದ ಹಲಗೆ ಇತ್ತು: ಮಾರಿದ ಮಾಲನ್ನು ಯಾವ ಕಾರಣಕ್ಕೂ ವಾಪಸು ತೆಗೆದುಕೊಳ್ಳುವುದಿಲ್ಲ. ಆ ಹಲಗೆಯ ಕೆಳಗೆ ಕೂತು ಎಷ್ಟು ಜನರಿಗೆ ಆಗುವುದಿಲ್ಲ ಎಂದು ಕೈಯಾಡಿಸಿದ್ದಾನೋ ಲೆಕ್ಕವಿಲ್ಲ. ಈಗ ಚೀಲದಲ್ಲಿ ಒಂದು ಹೆಣ್ಣು ಮೀನು ಹಿಡಿದು ಇನ್ನೊಬ್ಬರ ಗಲ್ಲಾಪೆಟ್ಟಿಗೆಯ ಮುಂದೆ ನಿಂತಾಗ ಅವನ ಕಣ್ಣು ಮೊದಲು ಹುಡುಕಿದ್ದು ಗೋಡೆಯ ಮೇಲೆ ಅಂಥ ಹಲಗೆ ಇದೆಯೇ ಎಂದು.

"ಬರ್ತೀರಾ ಅಂತ ಗೊತ್ತಿತ್ತು" ಎಂದಳು ಅಂಗಡಿಯಾಕೆ. "ಒಂದು ತಿಂಗಳು ತಡ ಮಾಡಿದ್ರಿ."

"ಅವತ್ತೇ ಹೇಳ್ಬಾರ್ದಿತ್ತಾ ಅಮ್ಮಾ?"

"ಹೇಳೋಕೆ ಬಾಯಿ ತೆಗೆದೆ. ನೀವು ಕಣ್ಣಿನ ಬಗ್ಗೆ ಭಾಷಣ ಮಾಡ್ತಿದ್ರಿ." ಆಕೆ ಚೀಲ ತೆಗೆದುಕೊಂಡು ಮೀನನ್ನು ನೋಡಿದಳು. "ಅಬ್ಬಾ, ಏನು ಬಣ್ಣ ಬಂದಿದೆ! ಚೆನ್ನಾಗಿ ಸಾಕಿದೀರಿ. ಹೋಗಿ, ಗಂಡು ಆರಿಸ್ಕೊಳ್ಳಿ. ಉದ್ದಕ್ಕಿರೋದು, ಬೆನ್ನ ಮೇಲಿನ ರೆಕ್ಕೆಯ ಕೊನೆ ಚೂಪಾಗಿರೋದು."

ಈ ಸಲ ಗುಂಡಿಯಪ್ಪ ತನ್ನ ಕಣ್ಣಿಗೆ ಬೇರೆ ಕೆಲಸ ಕೊಟ್ಟ. ಅವನ ಅಂಗಡಿಯ ಕಟ್ಟಕಡೆಯ ಸಾಲಿನಲ್ಲಿ ಒಂದು ದೊಡ್ಡ ಡಬ್ಬಿ ಇದೆ, ಯಾವುದಕ್ಕೂ ಹೊಂದದೆ ಒಂಟಿಯಾಗಿ ಉಳಿದ ಗುಂಡಿಗಳದ್ದು. ಅಣ್ಣ ಅದನ್ನು ಕಸ ಎನ್ನುತ್ತಾನೆ. ಆದರೆ ಚೀಲಕ್ಕೆ, ದಿಂಬಿಗೆ, ಗೊಂಬೆಯ ಕಣ್ಣಿಗೆ ಒಂದೇ ಒಂದು ಗುಂಡಿ ಬೇಕಾದವರು ಬಂದಾಗ ಗುಂಡಿಯಪ್ಪ ಕೈಹಾಕುವುದು ಆ ಡಬ್ಬಿಗೇ. ಮನೆಯಲ್ಲಿರುವ ಕೆಂಪುಹೊಟ್ಟೆಯವಳನ್ನು ಮನಸ್ಸಿನಲ್ಲಿಟ್ಟುಕೊಂಡು, ಅವಳಂತೆ ಇಲ್ಲವೇ ಇಲ್ಲದ ಮೀನನ್ನು ಹುಡುಕಿದ. ತೊಟ್ಟಿಯ ಹಿಂದಿನ ಮೂಲೆಯಲ್ಲಿ ಒಬ್ಬ ಲಂಬೂ ನಿಂತಿದ್ದ. ಚೂಪು ರೆಕ್ಕೆ, ಬಾಲದಲ್ಲಿ ನಾಲ್ಕು ಕಪ್ಪು ಚುಕ್ಕಿ, ಬಾಲದ ಅಂಚು ಯಾವುದೋ ಜಗಳದಲ್ಲಿ ಹರಿದು ಮೂಲೆಯೊಂದು ಕಾಣೆಯಾಗಿದೆ. ಯಾರೂ ಕೊಳ್ಳದೆ ನಾಲ್ಕು ತಿಂಗಳಿಂದ ಅಲ್ಲೇ ಇದ್ದನಂತೆ.

"ಇವನು" ಎಂದ ಗುಂಡಿಯಪ್ಪ. ಆಮೇಲೆ, ಗಂಟಲು ಸರಿಮಾಡಿಕೊಂಡು, "ಇವನು ಗಂಡು ತಾನೆ ಅಮ್ಮಾ?" ಎಂದು ಕೇಳಿದ.

ಆಕೆ ಎರಡೂ ಕನ್ನಡಕ ತೆಗೆದು ನಕ್ಕಳು. "ಈಗ ಕಲಿತ್ರಿ ನೋಡಿ ವ್ಯಾಪಾರ."

ಮೊದಲ ಎರಡು ದಿನ ಕೆಂಪುಹೊಟ್ಟೆಯವಳು ಲಂಬೂನನ್ನು ತೊಟ್ಟಿ ತುಂಬ ಅಟ್ಟಾಡಿಸಿದಳು. ಮೂರನೆಯ ದಿನ ಅವನ ಮುಂದೆ ಮೈಯನ್ನು ಬಿಲ್ಲಿನಂತೆ ಬಾಗಿಸಿ ಹೊಟ್ಟೆ ತೋರಿಸಿದಳು. "ಅವಳೇ ಮುಂದಾಗಿ ಕೇಳ್ತಿದಾಳೆ" ಎಂದಳು ಹೆಂಡತಿ ಮೆಚ್ಚುಗೆಯಿಂದ. "ಗಂಡಸರನ್ನ ಕಾಯ್ತಾ ಕೂತ್ರೆ ಆಗುತ್ತಾ?" ನಾಲ್ಕನೆಯ ವಾರ ಅವಳು ಕುಂಡದೊಳಗೆ ಹೊಕ್ಕವಳು ಹೊರಗೆ ಬರಲಿಲ್ಲ. ಲಂಬೂ ಬಾಗಿಲಲ್ಲಿ ಕಾವಲು ನಿಂತ. ಗುಂಡಿಯಪ್ಪನ ಕೈ ಬ್ಯಾಟರಿಯತ್ತ ಹೋಯಿತು; ಹೆಂಡತಿ ಬ್ಯಾಟರಿಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟಳು.

ಕುರ್ಚಿ ಬರುವುದಕ್ಕೆ ಮೂರು ದಿನ ಮುಂಚೆ, ಬೆಳಗಿನ ಹೊತ್ತು, ಅವಳು ಹೊರಬಂದಳು. ಅವಳ ಹೊಟ್ಟೆಯ ಕೆಳಗೆ ಮೆಣಸಿನ ಪುಡಿ ಚೆಲ್ಲಿದಂಥ ಒಂದು ಮೋಡ ಮರಳಿನ ಮೇಲೆ ತೇಲುತ್ತಿತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ಒಂದೊಂದು ಪುಡಿಗೂ ಬಾಲವಿತ್ತು.

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು.

"ಭಾವನವರನ್ನ ಕರೀಲಾ?" ಎಂದಳು ಅವಳು.

"ಸುಮ್ನಿರು" ಎಂದ ಗುಂಡಿಯಪ್ಪ. ಕಳೆದ ಸಲ ಊರಿಗೆಲ್ಲ ಸಾರಿ ಮುಖ ಕಳೆದುಕೊಂಡದ್ದು ಅವನಿಗೆ ಮರೆತಿರಲಿಲ್ಲ. ಒಳ್ಳೆಯ ಮಾಲನ್ನು ಗಿರಾಕಿ ಬೀದಿಯಲ್ಲಿರುವಾಗಲೇ ಕೂಗಿ ತೋರಿಸಬಾರದು. ಅವನು ಒಳಗೆ ಬಂದು, 'ನಿಮ್ಮಲ್ಲಿ ಏನೂ ಇಲ್ಲ' ಎಂದು ಎದ್ದು ನಿಂತ ಮೇಲೆ ಡಬ್ಬಿ ಎಳೆಯಬೇಕು. ಮೂರು ದಿನ ತೊಟ್ಟಿಯ ದೀಪ ಹತ್ತಲಿಲ್ಲ. ಕಿಟಕಿಯ ಪರದೆಯೂ ಅರ್ಧ ಎಳೆದಿತ್ತು. ಅಣ್ಣ ಹಾದುಹೋಗುವಾಗೆಲ್ಲ ಕತ್ತಲ ತೊಟ್ಟಿ ನೋಡಿ ಕನಿಕರದಿಂದ ತಮ್ಮನ ಬೆನ್ನು ತಟ್ಟಿ ಹೋದ.

ಕುರ್ಚಿ ಭಾನುವಾರ ಬೆಳಿಗ್ಗೆ ಬಂತು. ಕುರ್ಚಿಯಲ್ಲ ಅದು, ಪುಟ್ಟ ಕಾರು. ಇಬ್ಬರು ಹಮಾಲಿಗಳು ಅದನ್ನು ಹೊತ್ತು ಬಾಗಿಲಲ್ಲಿ ಅಡ್ಡ ತಿರುಗಿಸಿ, ಉದ್ದ ತಿರುಗಿಸಿ, ಬೈದು, ಒಳಗೆ ತಂದರು.

"ಆ ಮೂಲೆಗೆ" ಎಂದು ಅಣ್ಣ ಕೈ ತೋರಿಸಿದ. "ತಮ್ಮಾ, ತೊಟ್ಟಿ ಖಾಲಿ ಮಾಡೋ. ನೋಡೋಕೇನೂ ಇಲ್ವಲ್ಲ."

"ನೋಡೇ ಇಲ್ವಲ್ಲಣ್ಣ ಇನ್ನೂ" ಎಂದು ಗುಂಡಿಯಪ್ಪ ದೀಪದ ಗುಂಡಿ ಒತ್ತಿದ.

ಹಸಿರು ಗಿಡಗಳ ನಡುವೆ ಅವಳು ನಿಂತಿದ್ದಳು. ಹೊಟ್ಟೆ ಕೆಂಡ, ಬೆನ್ನು ಚಿನ್ನ. ಸುತ್ತ ಅರವತ್ತು ಎಪ್ಪತ್ತು ಮರಿಗಳು. ಅವಳು ರೆಕ್ಕೆಯನ್ನು ಒಮ್ಮೆ ಪಟಕ್ಕನೆ ಅಲುಗಿಸಿದರೆ ಅಷ್ಟೂ ಒಟ್ಟಾಗಿ ಮರಳಿಗೆ ಅಂಟಿಕೊಳ್ಳುತ್ತವೆ; ಇನ್ನೊಮ್ಮೆ ಅಲುಗಿಸಿದರೆ ಅಷ್ಟೂ ಏಳುತ್ತವೆ. ಹಿಂದೆ ಉಳಿದ ಒಬ್ಬ ತುಂಟನನ್ನು ಲಂಬೂ ಬಾಯಲ್ಲಿ ಎತ್ತಿಕೊಂಡು ಬಂದು ಗುಂಪಿನೊಳಗೆ ಉಗುಳಿದ.

ಹಮಾಲಿಗಳು ಕುರ್ಚಿಯನ್ನು ನಡುಮನೆಯ ನಟ್ಟನಡುವೆ ಇಳಿಸಿಬಿಟ್ಟರು. "ಏ, ನುಂಗಿಬಿಟ್ಟ ಅಂದ್ಕೊಂಡೆ" ಎಂದ ಒಬ್ಬ. ಇನ್ನೊಬ್ಬ ಯಾರನ್ನೂ ಕೇಳದೆ ಅಣ್ಣನ ಹೊಸ ಕುರ್ಚಿಯ ಮೇಲೆ ಕೂತು ಮುಂದಕ್ಕೆ ಬಗ್ಗಿದ.

ಅಣ್ಣ ಹತ್ತಿರ ಬಂದ. ಖರೀದಿಗೆ ಮುಂಚೆ ಎಲ್ಲವನ್ನೂ ತಟ್ಟಿ ನೋಡುವ ಅಭ್ಯಾಸದಂತೆ, ಉಂಗುರದ ಬೆರಳಿನಿಂದ ಗಾಜನ್ನು ಟಕಟಕ ಎಂದು ಬಡಿದ.

ಕೆಂಪುಹೊಟ್ಟೆಯವಳು ತಿರುಗಿದಳು. ಬೆರಳುದ್ದದ ಆ ಮೀನು ರೆಕ್ಕೆಗಳನ್ನೆಲ್ಲ ನಿಗುರಿಸಿ, ಬಾಯಿ ತೆರೆದು, ಬಾಣದ ಹಾಗೆ ಬಂದು ಅಣ್ಣನ ಬೆರಳಿದ್ದ ಕಡೆಗೇ ಗಾಜಿಗೆ ಗುದ್ದಿತು. ಅಣ್ಣ ಕೈ ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಇಪ್ಪತ್ತಾರು ವರ್ಷದಲ್ಲಿ ಆ ಮನೆಯಲ್ಲಿ ಯಾರಿಂದಲೂ ಆಗದಿದ್ದ ಕೆಲಸ ಅದು. ಮಹಡಿ ಮೆಟ್ಟಿಲ ಮೇಲೆ ನಿಂತಿದ್ದ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಎಲಾ ಇವಳ!" ಎಂದ ಅಣ್ಣ. ಬೆರಳನ್ನು ನೋಡಿಕೊಂಡ. ಮತ್ತೆ ಹತ್ತಿರ ಹೋದ, ಈ ಸಲ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಹತ್ತು ನಿಮಿಷ ಹಾಗೇ ನಿಂತ. "ಇದು ಅವತ್ತು ನೀನು ತಂದಿದ್ದ ಆ ಮಣ್ಣು ಬಣ್ಣದ ಮೀನೇ ಏನೋ?"

"ಅದೇ ಅಣ್ಣ. ನಾನು ಆರಿಸಿದ್ದು."

ಹಮಾಲಿಗಳಲ್ಲಿ ದೊಡ್ಡವನು ಗಡಿಯಾರ ನೋಡಿಕೊಂಡ. "ಯಜಮಾನ್ರೇ, ಕುರ್ಚಿ ಎಲ್ಲಿಡ್ಬೇಕು ಹೇಳಿ."

ಅಣ್ಣ ಬಾಯಿ ತೆರೆದ. ಮೂಲೆಯನ್ನು ನೋಡಿದ, ಮರಿಗಳನ್ನು ನೋಡಿದ, ಕೊನೆಗೆ ತಮ್ಮನತ್ತ ತಿರುಗಿದ.

"ಎಲ್ಲಿಡೋಣ ಹೇಳೋ?"

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿಯ ಕೈಲಿದ್ದ ಲೋಟ ಅರ್ಧದಾರಿಯಲ್ಲಿ ನಿಂತಿತು. ಗುಂಡಿಯಪ್ಪ ಆತುರಪಡಲಿಲ್ಲ. ನಡುಮನೆಯನ್ನು ಆ ಮೂಲೆಯಿಂದ ಈ ಮೂಲೆಗೆ, ಒಂದು ಅಪರೂಪದ ಕೋಟಿಗೆ ಗುಂಡಿ ಹುಡುಕುವವನಂತೆ, ನಿಧಾನವಾಗಿ ನೋಡಿದ.

"ತೊಟ್ಟಿ ಎದುರಿಗೆ ಇಡಿ. ಆರಡಿ ದೂರ ಇರ್ಲಿ, ಕುರ್ಚಿ ಅಲುಗಾಡಿದ್ರೆ ಮರಿಗಳು ಹೆದರ್ಕೊಳ್ತಾವೆ. ಅಣ್ಣ, ನೀನು ಅದರಲ್ಲಿ ಕೂತು ನೋಡು. ಗಾಜು ಮಾತ್ರ ತಟ್ಬೇಡ."

"ಇಲ್ಲಪ್ಪ" ಎಂದ ಅಣ್ಣ.

ಮರಿಗಳು ಅಕ್ಕಿಕಾಳಿನಷ್ಟು ಉದ್ದವಾಗುವ ಹೊತ್ತಿಗೆ ಅಂಗಡಿಗೆ ಬರುವ ದರ್ಜಿಗಳು ಎರಡು ಬದಲಾವಣೆ ಗಮನಿಸಿದರು. ಗಲ್ಲಾಪೆಟ್ಟಿಗೆಯ ಮೇಲಿನ ಹಲಗೆ ಇಳಿದುಹೋಗಿತ್ತು. ಮತ್ತು ಗುಂಡಿಯಪ್ಪನ ಮೂಗಿನ ಕೆಳಗೆ, ಅರ್ಧ ಕಪ್ಪು ಅರ್ಧ ಬಿಳಿಯಾಗಿ, ಒಂದು ಮೀಸೆ ಮೇಲೇಳುತ್ತಿತ್ತು. ಗಿರಾಕಿಗಳು ಯಾರೂ ಹೆದರಿದಂತೆ ಕಾಣಲಿಲ್ಲ.